ವೃದ್ಧಾಶ್ರಮದ ಅರ್ಜಿಯಲ್ಲಿ ‘ಸಂಬಂಧ’ ಎಂಬ ಕಾಲಂ: ಹಿರಿಯ ನಾಗರಿಕರ ಇಲಾಖೆಯ ಸಚಿವರಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಸಚಿವರು,
ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ, ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ವೃದ್ಧಾಶ್ರಮಗಳಲ್ಲಿರುವ ಲೈಂಗಿಕ ಮತ್ತು ಲಿಂಗತ್ವ ಅಲ್ಪಸಂಖ್ಯಾತ ಹಿರಿಯರಿಗೆ (ಸಲಿಂಗಪ್ರೇಮಿಗಳು, ಟ್ರಾನ್ಸ್‌ಜೆಂಡರ್ ವ್ಯಕ್ತಿಗಳು) ಕಾನೂನಿನ ರಕ್ಷಣೆ ಕೋರಿ.

ಮಾನ್ಯರೇ,

ನಾನು ಹನ್ನೊಂದು ವರ್ಷ ಒಂದು ವೃದ್ಧಾಶ್ರಮದ ಕಚೇರಿಯಲ್ಲಿ ಕೆಲಸ ಮಾಡಿದ್ದೇನೆ. ಹೊಸಬರು ಸೇರುವಾಗ ಅರ್ಜಿ ತುಂಬಿಸುವುದು, ಆಧಾರ್ ಜೆರಾಕ್ಸ್ ತೆಗೆದುಕೊಳ್ಳುವುದು, ತಿಂಗಳ ದುಡ್ಡಿಗೆ ರಸೀದಿ ಬರೆಯುವುದು, ನೋಡಲು ಬಂದವರ ಹೆಸರು ಪುಸ್ತಕದಲ್ಲಿ ಸೇರಿಸುವುದು, ಇವು ನನ್ನ ಕೆಲಸ. ಆ ಸಂಸ್ಥೆಯ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಅದು ಕೆಟ್ಟ ಜಾಗವಾಗಿರಲಿಲ್ಲ. ಹೊತ್ತಿಗೆ ಸರಿಯಾಗಿ ಊಟ ಇತ್ತು. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸುವ ಆಯಾಗಳಿದ್ದರು. ನಾನು ಹೇಳಲು ಹೊರಟಿರುವುದೆಲ್ಲ ಇಂಥ ಒಳ್ಳೆಯ ಜಾಗದಲ್ಲೇ ನಡೆದದ್ದು.

ನಮ್ಮ ಅರ್ಜಿಯ ಎರಡನೇ ಪುಟದಲ್ಲಿ ‘ಜವಾಬ್ದಾರರ ಹೆಸರು’ ಅಂತ ಒಂದು ಸಾಲಿತ್ತು. ಅದರ ಪಕ್ಕದಲ್ಲೇ ‘ಸಂಬಂಧ’. ಮಗ, ಮಗಳು, ಅಳಿಯ, ತಂಗಿಯ ಮಗ ಅಂತ ನೂರಾರು ಸಲ ಬರೆದಿದ್ದೇನೆ. ಯೋಚನೆ ಮಾಡುವ ಕೆಲಸವೇ ಇರಲಿಲ್ಲ.

2017ರ ಮಳೆಗಾಲದಲ್ಲಿ ಇಬ್ಬರು ಟೀಚರ್ ಬಂದರು. ಇಬ್ಬರೂ ನಿವೃತ್ತರು. ಒಬ್ಬರಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿತ್ತು, ಮಾತು ನಿಂತಿತ್ತು. ಇನ್ನೊಬ್ಬರೇ ಗಾಲಿಕುರ್ಚಿ ತಳ್ಳಿಕೊಂಡು ಬಂದರು. ಅವರಿಗೂ ಆಗಲೇ ಎಪ್ಪತ್ತು. ಒಂದು ವರ್ಷ ಮನೆಯಲ್ಲೇ ನೋಡಿಕೊಂಡು, ಎತ್ತಿ ಇಳಿಸಿ, ಅವರ ಸೊಂಟವೂ ಕೈಕೊಟ್ಟಿತ್ತು. ಮೂವತ್ತೊಂದು ವರ್ಷ ಇಬ್ಬರದೂ ಒಂದೇ ಮನೆ, ಒಂದೇ ಒಲೆ. ನಮ್ಮ ಆಯಾಗಳು ಅವರನ್ನು ದೊಡ್ಡ ಟೀಚರ್, ಚಿಕ್ಕ ಟೀಚರ್ ಅನ್ನುತ್ತಿದ್ದರು. ಹಾಸಿಗೆ ಹಿಡಿದವರು ದೊಡ್ಡ ಟೀಚರ್. ನಾನೂ ಹಾಗೇ ಬರೆಯುತ್ತೇನೆ.

‘ಸಂಬಂಧ ಅಂತ ಏನು ಬರೀಲಿ ಮೇಡಂ?’ ಎಂದು ಕೇಳಿದೆ. ಚಿಕ್ಕ ಟೀಚರ್ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಸ್ನೇಹಿತೆ ಅಂತ ಬರ್ಕೊಳಮ್ಮ’ ಅಂದರು.

ಸ್ನೇಹಿತೆಯ ಸಹಿ ನಡೆಯುವುದಿಲ್ಲ ಎಂದು ಮ್ಯಾನೇಜರ್ ಹೇಳಿದರು. ರಕ್ತಸಂಬಂಧಿಯೇ ಬೇಕು. ಹುಡುಕಿದವಳು ನಾನೇ. ನಾಲ್ಕು ಕಡೆ ಫೋನ್ ಮಾಡಿದ ಮೇಲೆ ದೊಡ್ಡ ಟೀಚರ್ ಅವರ ಅಣ್ಣನ ಮಗ ಸಿಕ್ಕಿದ. ಹದಿನಾಲ್ಕು ವರ್ಷದಿಂದ ಅತ್ತೆಯ ಮುಖ ನೋಡಿರಲಿಲ್ಲ. ಬಂದ, ಸಹಿ ಹಾಕಿದ, ಹೊರಟ. ಒಳಗೆ ಹೋಗಿ ಅತ್ತೆಯನ್ನು ಮಾತಾಡಿಸಲೂ ಇಲ್ಲ. ತಿಂಗಳ ದುಡ್ಡು ಚಿಕ್ಕ ಟೀಚರ್ ಪಿಂಚಣಿಯಿಂದ ಬರುತ್ತಿತ್ತು. ರಸೀದಿಯನ್ನು ನಾನು ಅಣ್ಣನ ಮಗನ ಹೆಸರಿಗೆ ಬರೆಯುತ್ತಿದ್ದೆ.

ಆರು ತಿಂಗಳು ಕಳೆದಿರಬೇಕು, ಅವನ ಫೋನ್ ಬಂತು. ‘ಆ ಹೆಂಗಸನ್ನ ಒಳಗೆ ಬಿಡಬೇಡಿ’ ಅಂದ. ಅವರಿಬ್ಬರು ವಾಸವಿದ್ದ ಮನೆ ದೊಡ್ಡ ಟೀಚರ್ ಹೆಸರಿನಲ್ಲಿತ್ತು ಅಂತ ನಮಗೆ ಗೊತ್ತಾದದ್ದು ಆಮೇಲೆ. ಜವಾಬ್ದಾರರು ಬೇಡ ಅಂದವರನ್ನು ಒಳಗೆ ಬಿಡುವ ಹಾಗಿಲ್ಲ ಎಂಬುದು ನಮ್ಮಲ್ಲಿನ ನಿಯಮ. ಚಿಕ್ಕ ಟೀಚರ್‌ಗೆ ಅದನ್ನು ಹೇಳಬೇಕಾದವಳೂ ನಾನೇ. ಅವರು ಜಗಳ ಮಾಡಲಿಲ್ಲ. ಪ್ರತಿ ಭಾನುವಾರ ಬಸ್ಸಿಳಿದು ಬಂದು, ಗೇಟಿನ ಹೊರಗಿನ ಕಲ್ಲುಬೆಂಚಿನ ಮೇಲೆ ಕೂರುತ್ತಿದ್ದರು. ಒಬ್ಬ ಆಯಾ ಏನೋ ನೆಪ ಹೇಳಿ ದೊಡ್ಡ ಟೀಚರ್ ಕುರ್ಚಿಯನ್ನು ಜಗುಲಿಗೆ ತಂದು ನಿಲ್ಲಿಸುತ್ತಿದ್ದಳು. ಅಲ್ಲಿಂದ ಗೇಟು ಕಾಣುತ್ತದೆ. ಅರ್ಧ ಗಂಟೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ಕೂರುತ್ತಿದ್ದರು. ಹೀಗೆ ಎರಡು ವರ್ಷಕ್ಕೂ ಜಾಸ್ತಿ ನಡೆಯಿತು.

2020ರಲ್ಲಿ ಲಾಕ್‌ಡೌನ್ ಬಂತು. ಭೇಟಿ ನಿಂತಿತು. ವಾರಕ್ಕೊಮ್ಮೆ ವಿಡಿಯೊ ಕರೆ ಮಾಡಿಸುತ್ತಿದ್ದೆವು, ಆದರೆ ಪುಸ್ತಕದಲ್ಲಿರುವ ನಂಬರಿಗೆ ಮಾತ್ರ. ಚಿಕ್ಕ ಟೀಚರ್ ನಂಬರ್ ಪುಸ್ತಕದಲ್ಲಿ ಇರಲಿಲ್ಲ. ಎರಡು ಸಲ ನನ್ನ ಸ್ವಂತ ಫೋನಿನಿಂದ ಕದ್ದು ಕರೆ ಮಾಡಿಸಿದೆ. ದೊಡ್ಡ ಟೀಚರ್‌ಗೆ ಮಾತು ಬರುತ್ತಿರಲಿಲ್ಲ. ಎಡಗೈಯ ಬೆರಳಿನಿಂದ ಫೋನಿನ ಗಾಜನ್ನು ಸವರುತ್ತಿದ್ದರು. ಪ್ರತಿ ಸಲ ಸವರಿದಾಗಲೂ ಕರೆ ಕಟ್ಟಾಗುತ್ತಿತ್ತು, ನಾನು ಮತ್ತೆ ಮಾಡುತ್ತಿದ್ದೆ.

ಆ ಆಗಸ್ಟ್‌ನಲ್ಲಿ ಎರಡನೇ ಸಲ ಲಕ್ವ ಹೊಡೆದು ದೊಡ್ಡ ಟೀಚರ್ ಹೋದರು. ದೇಹವನ್ನು ಅಣ್ಣನ ಮಗನಿಗೆ ಒಪ್ಪಿಸಿದೆವು. ಚಿಕ್ಕ ಟೀಚರ್‌ಗೆ ಸುದ್ದಿ ಮುಟ್ಟುವಷ್ಟರಲ್ಲಿ ಎರಡು ದಿನ ಕಳೆದಿತ್ತು. ಮಣ್ಣಿಗೆ ಹೋಗಲಿಕ್ಕೂ ಅವರಿಗೆ ಆಗಲಿಲ್ಲ.

ಮಾನ್ಯರೇ, ಇದರಲ್ಲಿ ಯಾರು ಕಾನೂನು ಮುರಿದರು? ಯಾರೂ ಇಲ್ಲ. ನನ್ನನ್ನು ಇಷ್ಟು ವರ್ಷ ಕಾಡುತ್ತಿರುವುದು ಅದೇ.

ಇನ್ನೊಂದು ಪ್ರಸಂಗದಲ್ಲಿ ಕಾನೂನು ಇತ್ತು. 2021ರಲ್ಲಿ ಉತ್ತರ ಕರ್ನಾಟಕದ ಕಡೆಯ ಎಲ್ಲಮ್ಮನ ಹೆಸರಿನಲ್ಲಿ ಹೆಣ್ಣಾಗಿ ಬಾಳುವ ಒಬ್ಬ ಜೋಗತಿ ಅವ್ವನನ್ನು ಅವರ ಚೇಲಾಗಳು, ಅಂದರೆ ಶಿಷ್ಯರು, ಕರೆತಂದರು. ಬಿದ್ದು ಸೊಂಟದ ಮೂಳೆ ಮುರಿದಿತ್ತು, ಆಪರೇಷನ್ ಆಗಿತ್ತು. ನಾಲ್ಕು ಜನ ಚೇಲಾಗಳು ಸೇರಿ ದುಡ್ಡು ಕಟ್ಟಲು ತಯಾರಿದ್ದರು. ಅವರಿರುವ ಬಾಡಿಗೆ ಮನೆಯ ಮೆಟ್ಟಿಲು ಹತ್ತಿಸಿ ಅವ್ವನನ್ನು ಸಾಕಲು ಆಗುವುದಿಲ್ಲ, ನಡೆದಾಡುವವರೆಗೆ ಇರಿಸಿಕೊಳ್ಳಿ ಎಂದು ಕೇಳಿದರು. ನಮ್ಮಲ್ಲಿ ಗಂಡಸರ ವಾರ್ಡು, ಹೆಂಗಸರ ವಾರ್ಡು ಎರಡೇ. ಹಳೆಯ ವೋಟರ್ ಕಾರ್ಡಿನಲ್ಲಿ ಗಂಡು ಹೆಸರಿದೆ ಎಂದು ಅವ್ವನನ್ನು ಗಂಡಸರ ವಾರ್ಡಿಗೆ ಹಾಕಿದರು. ಸ್ವಚ್ಛತೆಗೆ ಅಂತ ಹೇಳಿ ಕೂದಲು ಕತ್ತರಿಸಬೇಕು, ಸೀರೆ ಬಿಟ್ಟು ಅಂಗಿ, ಪೈಜಾಮ ಹಾಕಬೇಕು, ಕೊರಳಿನ ಮುತ್ತು ತೆಗೆದಿಡಬೇಕು ಅಂದರು. ಮುತ್ತು ಅಂದರೆ ಏನು ಅಂತ ತಮಗೆ ಗೊತ್ತು. ಎಲ್ಲಮ್ಮನ ಹೆಸರಿನಲ್ಲಿ ಕಟ್ಟಿಸಿಕೊಂಡದ್ದು ಅದು, ಬೇಕೆಂದಾಗ ಕಳಚಿಡುವ ಸರ ಅಲ್ಲ.

‘ಐವತ್ತು ವರ್ಷ ಸೀರಿ ಉಟ್ಟೀನಿ. ಸಾಯೂ ಮುಂದ ಅಂಗಿ ಹಾಕ್ಕೊಂಡು ಸಾಯಬೇಕೇನವ್ವಾ?’ ಅಂತ ನನ್ನನ್ನು ಕೇಳಿದರು. ನಾಲ್ಕು ದಿನ ಇದ್ದರು. ನಾಲ್ಕು ದಿನವೂ ಸ್ನಾನ ಮಾಡಲಿಲ್ಲ, ಯಾಕೆಂದರೆ ಗಂಡಸರ ಬಚ್ಚಲಿಗೆ ಬಾಗಿಲಿರಲಿಲ್ಲ. ಐದನೇ ದಿನ ಚೇಲಾಗಳು ಬಂದು ಹೊತ್ತುಕೊಂಡು ಹೋದರು.

ಕಾನೂನು ಇತ್ತು ಅಂದೆ. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣೆಗೆ ಸಂಸತ್ತು 2019ರಲ್ಲಿ ಮಾಡಿದ ಕಾಯಿದೆ ಅದು. 2020ರ ಜನವರಿ 10ರಿಂದ ಜಾರಿಗೆ ಬಂತು. ಒಬ್ಬ ಟ್ರಾನ್ಸ್‌ಜೆಂಡರ್ ವ್ಯಕ್ತಿ ಯಾವುದೇ ಸರ್ಕಾರಿ ಅಥವಾ ಖಾಸಗಿ ಸಂಸ್ಥೆಯ ಆರೈಕೆಯಲ್ಲಿದ್ದರೆ, ಅಲ್ಲಿಗೆ ಪ್ರವೇಶ ನಿರಾಕರಿಸುವಂತಿಲ್ಲ, ಅಲ್ಲಿಂದ ಹೊರಹಾಕುವಂತಿಲ್ಲ, ಅನ್ಯಾಯವಾಗಿ ನಡೆಸಿಕೊಳ್ಳುವಂತಿಲ್ಲ ಎಂದು ಅದರ 3ನೇ ಸೆಕ್ಷನ್ ಹೇಳಿತು. ಟ್ರಸ್ಟ್‌ಗಳೂ ಅದರ ವ್ಯಾಪ್ತಿಗೆ ಬಂದವು. ದೂರು ಕೇಳಲು ಪ್ರತಿ ಸಂಸ್ಥೆಯೂ ಒಬ್ಬ ಅಧಿಕಾರಿಯನ್ನು ನೇಮಿಸಬೇಕು ಎಂದು 11ನೇ ಸೆಕ್ಷನ್ ಹೇಳಿತು. ದೈಹಿಕ ಅಥವಾ ಮಾನಸಿಕ ಹಿಂಸೆ ಕೊಟ್ಟರೆ ಆರು ತಿಂಗಳಿಂದ ಎರಡು ವರ್ಷದವರೆಗೆ ಜೈಲು ಎಂದು 18ನೇ ಸೆಕ್ಷನ್ ಹೇಳಿತು. ಅವ್ವ ನಮ್ಮಲ್ಲಿಗೆ ಬಂದಾಗ ಇದೆಲ್ಲ ಬಂದು ಒಂದು ವರ್ಷದ ಮೇಲಾಗಿತ್ತು. ನಮ್ಮ ಮ್ಯಾನೇಜರ್‌ಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ತಿಳಿಸುವ ಒಂದು ಸುತ್ತೋಲೆಯನ್ನೂ ನಾನು ಆ ಕಚೇರಿಯಲ್ಲಿ ನೋಡಲಿಲ್ಲ. ನಾನು ಇದನ್ನೆಲ್ಲ ಓದಿದ್ದು ಕೆಲಸ ಬಿಟ್ಟ ಮೇಲೆ.

ಮೂರನೆಯವರು ಒಬ್ಬ ನಿವೃತ್ತ ಬ್ಯಾಂಕ್ ನೌಕರರು. 2019ರಲ್ಲಿ ಸೇರಿದಾಗ ಅವರಿಗೆ ಅರವತ್ತಮೂರು. ಮದುವೆಯಾಗಿರಲಿಲ್ಲ. ಮೆದು ಮಾತಿನ ಮನುಷ್ಯ, ಕಚೇರಿಯ ಲೆಕ್ಕದಲ್ಲಿ ನನಗೆ ಸಹಾಯ ಮಾಡುತ್ತಿದ್ದರು. ಕೋಣೆಯಲ್ಲಿದ್ದ ಮಿಕ್ಕ ಮೂವರು ‘ಯಾಕೆ ಮದ್ವೆ ಆಗ್ಲಿಲ್ಲ?’ ಎಂದು ದಿನಾ ಕೆದಕುತ್ತಿದ್ದರು. ಒಂದು ದಿನ ಹಾಸಿಗೆ ಬಟ್ಟೆ ಬದಲಿಸುವಾಗ ಅವರ ದಿಂಬಿನ ಕವರಿನೊಳಗೆ ಒಂದು ಫೋಟೋ ಸಿಕ್ಕಿತು. ಇಬ್ಬರು ಯುವಕರು ಹೆಗಲ ಮೇಲೆ ಕೈಹಾಕಿಕೊಂಡು ಸಮುದ್ರದ ಮುಂದೆ ನಿಂತ ಕಪ್ಪು ಬಿಳುಪು ಫೋಟೋ. ಅಷ್ಟೇ. ಅದು ಕೋಣೆಯಿಂದ ಕೋಣೆಗೆ ಓಡಾಡಿತು, ನಗೆಪಾಟಲಾಯಿತು. ಊಟದ ಮನೆಯಲ್ಲಿ ಅವರ ಪಕ್ಕದ ಕುರ್ಚಿ ಖಾಲಿ ಉಳಿಯತೊಡಗಿತು. ಅವರು ಯಾರ ಮೇಲೂ ದೂರು ಕೊಡಲಿಲ್ಲ. ನಾನೇ ಕೊಡಿ ಎಂದೆ. ‘ಏನಂತ ಕೊಡ್ಲಿ?’ ಎಂದು ಕೇಳಿದರು.

ಅವರ ಪ್ರಶ್ನೆಗೆ ಅರ್ಥ ಇತ್ತು. ಸಲಿಂಗ ಸಂಬಂಧವನ್ನು ಅಪರಾಧ ಮಾಡಿದ್ದ ದಂಡಸಂಹಿತೆಯ 377ನೇ ಸೆಕ್ಷನ್ 1860ರಲ್ಲಿ ಬ್ರಿಟಿಷರು ಬರೆದದ್ದು. ದೆಹಲಿ ಹೈಕೋರ್ಟ್ 2009ರ ಜುಲೈನಲ್ಲಿ, ಒಪ್ಪಿದ ವಯಸ್ಕರ ನಡುವಿನ ಸಂಬಂಧ ಅಪರಾಧವಲ್ಲ ಎಂದು ಹೇಳಿದಾಗ ಈ ಮನುಷ್ಯನಿಗೆ ಐವತ್ತಮೂರು. 2013ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿ ಮತ್ತೆ ಅಪರಾಧ ಮಾಡಿದಾಗ ಐವತ್ತೇಳು. 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ ಕೊನೆಗೂ ಅಪರಾಧವಲ್ಲ ಎಂದಾಗ ಅರವತ್ತೆರಡು. ಈ ಜನರಿಗೆ ಮತ್ತು ಅವರ ಮನೆಯವರಿಗೆ ಇತಿಹಾಸ ಕ್ಷಮೆ ಕೇಳಬೇಕು ಎಂದು ಆ ಪೀಠದ ನ್ಯಾಯಮೂರ್ತಿ ಇಂದು ಮಲ್ಹೋತ್ರಾ ತೀರ್ಪಿನಲ್ಲೇ ಬರೆದರು. ಆದರೆ ಅರವತ್ತೆರಡು ವರ್ಷ ಮುಚ್ಚಿಟ್ಟುಕೊಂಡು ಬದುಕಿದವರು ಒಂದು ತೀರ್ಪು ಬಂತು ಅಂತ ಮಾರನೇ ದಿನ ಬಾಯಿ ಬಿಡುತ್ತಾರಾ? ಬಿಟ್ಟರೂ, ಆಮೇಲೆ ತೊಂದರೆಯಾದರೆ ಯಾರ ಹತ್ತಿರ ಹೋಗಬೇಕು? ಅಪರಾಧಿ ಅಲ್ಲ ಎಂದು ಕೋರ್ಟು ಹೇಳಿತು. ವೃದ್ಧಾಶ್ರಮದಲ್ಲಿ ಅವರನ್ನು ಹೀಗೆ ನಡೆಸಿಕೊಳ್ಳಬಾರದು ಎಂದು ಹೇಳುವ ಒಂದು ಸಾಲು ನಮ್ಮ ಹಿರಿಯ ನಾಗರಿಕರ ಕಾಯಿದೆಯಲ್ಲಿ ಇಲ್ಲ.

ಆ ಕಾಯಿದೆಯ ವಿಷಯಕ್ಕೇ ಬರುತ್ತೇನೆ. ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ 2007ರ ಕಾಯಿದೆ ಒಳ್ಳೆಯ ಉದ್ದೇಶದಿಂದ ಬಂದದ್ದು. ಮಕ್ಕಳು ನೋಡಿಕೊಳ್ಳದಿದ್ದರೆ ಉಪವಿಭಾಗಾಧಿಕಾರಿಯ ಮುಂದೆ ಹೋಗಬಹುದು. ಮಕ್ಕಳಿಲ್ಲದವರು ‘ಸಂಬಂಧಿ’ಯನ್ನು ಕೇಳಬಹುದು. ಆದರೆ ಸಂಬಂಧಿ ಅಂದರೆ ಆಸ್ತಿಗೆ ವಾರಸುದಾರನಾಗುವವನು ಎಂದು ಕಾಯಿದೆಯೇ ವ್ಯಾಖ್ಯೆ ಕೊಟ್ಟಿದೆ. ಮೂವತ್ತೊಂದು ವರ್ಷ ಒಟ್ಟಿಗೆ ಬಾಳಿದ ಚಿಕ್ಕ ಟೀಚರ್ ಅದರಲ್ಲಿ ಬರುವುದಿಲ್ಲ, ಹದಿನಾಲ್ಕು ವರ್ಷ ತಿರುಗಿ ನೋಡದ ಅಣ್ಣನ ಮಗ ಬರುತ್ತಾನೆ. ಗುರುವನ್ನು ಹೊತ್ತುಕೊಂಡು ಹೋದ ಚೇಲಾಗಳೂ ಬರುವುದಿಲ್ಲ.

ಹಾಗಂತ ವೃದ್ಧಾಶ್ರಮ ಸೇರಲು ರಕ್ತಸಂಬಂಧಿಯ ಸಹಿ ಬೇಕೇ ಬೇಕು ಎಂದು ಆ ಕಾಯಿದೆ ಹೇಳಿದೆಯಾ? ನಾನು ಆ ಕಾಯಿದೆಯನ್ನು ಹಲವು ಸಲ ಓದಿದ್ದೇನೆ. ಎಲ್ಲೂ ಇಲ್ಲ. ಅದು ನಮ್ಮಂಥ ಮನೆಗಳು ತಾವೇ ಮಾಡಿಕೊಂಡ ರೂಢಿ. ಮ್ಯಾನೇಜರ್‌ಗಳು ಕೆಟ್ಟವರು ಅಂತಲ್ಲ. ನಾಳೆ ಏನಾದರೂ ಆದರೆ ಸಂಬಂಧಿಕರು ಬಂದು ಗಲಾಟೆ ಮಾಡುತ್ತಾರೆ, ಕೇಸು ಹಾಕುತ್ತಾರೆ ಎಂಬ ಭಯ ಅವರಿಗೆ. ಆ ಭಯ ಸುಳ್ಳಲ್ಲ, ನಾನೇ ನೋಡಿದ್ದೇನೆ. ಅದಕ್ಕೇ ಬರವಣಿಗೆಯಲ್ಲಿ ಒಂದು ನಿಯಮ ಬೇಕು ಎನ್ನುವುದು. ‘ಸರ್ಕಾರದ ನಿಯಮ ಹೀಗಿದೆ’ ಎಂದು ತೋರಿಸಲು ಒಂದು ಕಾಗದ ಇದ್ದಿದ್ದರೆ ನಮ್ಮ ಮ್ಯಾನೇಜರ್ ಚಿಕ್ಕ ಟೀಚರ್ ಸಹಿಯನ್ನೇ ತೆಗೆದುಕೊಳ್ಳುತ್ತಿದ್ದರು ಎಂದು ನನಗೆ ಇವತ್ತಿಗೂ ಅನಿಸುತ್ತದೆ.

ಬೇರೆ ಕಡೆ ಕಾನೂನು ಎಷ್ಟು ಮುಂದೆ ಹೋಗಿದೆ ನೋಡಿ. 2017ರ ಮಾನಸಿಕ ಆರೋಗ್ಯ ಕಾಯಿದೆಯಲ್ಲಿ, ಯಾವ ವಯಸ್ಕರೇ ಆಗಲಿ ತಮಗೆ ಬೇಕಾದವರನ್ನು ಪ್ರತಿನಿಧಿಯಾಗಿ ನೇಮಿಸಿಕೊಳ್ಳಬಹುದು. ಬಿಳಿ ಹಾಳೆಯ ಮೇಲೆ ಬರೆದು ಸಹಿ ಅಥವಾ ಹೆಬ್ಬೆಟ್ಟು ಹಾಕಿದರೆ ಸಾಕು. ಸಂಬಂಧಿಯೇ ಆಗಬೇಕಿಲ್ಲ. ಲೈಂಗಿಕ ಒಲವಿನ ಕಾರಣಕ್ಕೆ ಭೇದಭಾವ ಮಾಡಬಾರದು ಎಂದೂ ಆ ಕಾಯಿದೆ ಬಾಯಿಬಿಟ್ಟು ಹೇಳುತ್ತದೆ. ಸಲಿಂಗ ಜೋಡಿಗಳು ಜಂಟಿ ಖಾತೆ ತೆರೆಯಲು, ಒಬ್ಬರು ಇನ್ನೊಬ್ಬರನ್ನು ನಾಮಿನಿ ಮಾಡಲು ಯಾವ ಅಡ್ಡಿಯೂ ಇಲ್ಲ ಎಂದು ಕೇಂದ್ರ ಹಣಕಾಸು ಸಚಿವಾಲಯ 2024ರ ಆಗಸ್ಟ್‌ನಲ್ಲಿ ಸ್ಪಷ್ಟ ಮಾಡಿತು. ಅಂದರೆ ಚಿಕ್ಕ ಟೀಚರ್ ಇವತ್ತು ಬ್ಯಾಂಕಿಗೆ ಹೋದರೆ ಅವರ ಮಾತು ನಡೆಯುತ್ತದೆ, ವೃದ್ಧಾಶ್ರಮದ ಗೇಟಿನಲ್ಲಿ ನಡೆಯುವುದಿಲ್ಲ.

ಸಲಿಂಗ ಮದುವೆಯ ಪ್ರಶ್ನೆಯಲ್ಲಿ ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್ 17ರಂದು ಮದುವೆಯ ಹಕ್ಕನ್ನು ಒಪ್ಪಲಿಲ್ಲ. ಆದರೆ ಈ ಜೋಡಿಗಳ ದಿನನಿತ್ಯದ ತೊಂದರೆ ನೋಡಲು ಸಂಪುಟ ಕಾರ್ಯದರ್ಶಿಯ ಸಮಿತಿ ಮಾಡುವುದಾಗಿ ಕೇಂದ್ರ ಸರ್ಕಾರ ಹೇಳಿದ್ದನ್ನು ದಾಖಲು ಮಾಡಿತು. ಅದರ ಹಿಂದೆಯೇ 2024ರಲ್ಲಿ ಆರೋಗ್ಯ ಸಚಿವಾಲಯ ರಾಜ್ಯಗಳಿಗೆ ಪತ್ರ ಬರೆಯಿತು. ಹತ್ತಿರದ ಸಂಬಂಧಿಕರು ಇಲ್ಲದಾಗ ಸಂಗಾತಿ ದೇಹವನ್ನು ಪಡೆಯಬಹುದು ಎಂಬುದು ಅದರಲ್ಲಿದ್ದ ಒಂದು ಮಾತು. ಒಳ್ಳೆಯದೇ. ಆದರೆ ದೊಡ್ಡ ಟೀಚರ್‌ಗೆ ಅಣ್ಣನ ಮಗ ಇದ್ದನಲ್ಲ? ಈ ಪತ್ರ ಆಗಲೇ ಇದ್ದಿದ್ದರೂ ಚಿಕ್ಕ ಟೀಚರ್‌ಗೆ ಏನೂ ಸಿಗುತ್ತಿರಲಿಲ್ಲ. ಸಂಬಂಧಿ ಇದ್ದಾನಾ ಇಲ್ಲವಾ ಎಂದು ನೋಡುವುದಕ್ಕೆ ಮೊದಲು, ಆ ಹಿರಿಯರು ಬದುಕಿದ್ದಾಗ ಯಾರನ್ನು ಕೇಳಿದ್ದರು ಎಂದು ನೋಡಬೇಕು. 2025ರ ಮೇ ತಿಂಗಳಲ್ಲಿ ಮದ್ರಾಸ್ ಹೈಕೋರ್ಟ್ ಈ ದಾರಿಯಲ್ಲಿ ಒಂದು ಹೆಜ್ಜೆ ಇಟ್ಟಿದೆ. ಮದುವೆಯೊಂದೇ ಕುಟುಂಬ ಕಟ್ಟುವ ದಾರಿಯಲ್ಲ, ತಾವೇ ಆರಿಸಿಕೊಂಡ ಕುಟುಂಬವೂ ಕುಟುಂಬವೇ ಎಂದು ಅದು ಹೇಳಿದೆ.

ಹೊರದೇಶಗಳಲ್ಲಿ ವೃದ್ಧಾಶ್ರಮಕ್ಕೆಂದೇ ಕಾನೂನು ಮಾಡಿದವರಿದ್ದಾರೆ. ಅಮೆರಿಕದ ಕ್ಯಾಲಿಫೋರ್ನಿಯಾ 2017ರಲ್ಲಿ ದೀರ್ಘಕಾಲದ ಆರೈಕೆ ಮನೆಗಳಲ್ಲಿರುವ ಎಲ್‌ಜಿಬಿಟಿ (ಲೈಂಗಿಕ ಮತ್ತು ಲಿಂಗತ್ವ ಅಲ್ಪಸಂಖ್ಯಾತ) ಹಿರಿಯರಿಗಾಗಿ ಒಂದು ಕಾಯಿದೆ ಮಾಡಿತು. ಸೇರಿಸಿಕೊಳ್ಳುವುದಿಲ್ಲ ಅನ್ನುವಂತಿಲ್ಲ, ಬೇಕಾದ ಬಟ್ಟೆ ತೊಡಲು ಅಡ್ಡಿ ಮಾಡುವಂತಿಲ್ಲ, ಈ ಹಕ್ಕುಗಳನ್ನು ಎಲ್ಲರಿಗೂ ಕಾಣುವ ಹಾಗೆ ಗೋಡೆಗೆ ಹಾಕಬೇಕು, ಸಿಬ್ಬಂದಿಗೆ ತರಬೇತಿ ಕೊಡಬೇಕು ಎಂದು ಅದರಲ್ಲಿದೆ. ಆಸ್ಟ್ರೇಲಿಯಾ ತನ್ನ ಲಿಂಗ ತಾರತಮ್ಯ ತಡೆ ಕಾಯಿದೆಗೆ 2013ರಲ್ಲಿ ಮಾಡಿದ ತಿದ್ದುಪಡಿಯಂತೂ ನಮಗೆ ಜಾಸ್ತಿ ಹತ್ತಿರದ್ದು. ಅಲ್ಲಿ ಧಾರ್ಮಿಕ ಸಂಸ್ಥೆಗಳಿಗೆ ಕೆಲವು ವಿನಾಯಿತಿ ಇದೆ. ಆದರೆ ಕೇಂದ್ರ ಸರ್ಕಾರದ ದುಡ್ಡು ಪಡೆದು ವೃದ್ಧರ ಆರೈಕೆ ಮಾಡುವಾಗ ಆ ವಿನಾಯಿತಿ ನಡೆಯುವುದಿಲ್ಲ. ನಮ್ಮಲ್ಲೂ ಮಠಗಳು, ಚರ್ಚುಗಳು, ಧಾರ್ಮಿಕ ಟ್ರಸ್ಟ್‌ಗಳು ನಡೆಸುವ ಎಷ್ಟೋ ಮನೆಗಳಿವೆ.

ನಮ್ಮ ಸಂಸ್ಕೃತಿಗೆ ಇದು ಹೊಂದುವುದಿಲ್ಲ ಎಂದು ಯಾರಾದರೂ ತಮ್ಮ ಕಿವಿಯಲ್ಲಿ ಹೇಳಬಹುದು. ಸವದತ್ತಿ ಗುಡ್ಡದಲ್ಲಿ ಚೌಡಿಕೆ ಹಿಡಿದು ಹಾಡುವ ಜೋಗತಿಯರು ಯಾವ ಸಂಸ್ಕೃತಿಯವರು? ಮಂಜಮ್ಮ ಜೋಗತಿ ಅವರನ್ನು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರನ್ನಾಗಿ ಮಾಡಿದ್ದು ನಮ್ಮ ರಾಜ್ಯವೇ. 2021ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ನಾವೆಲ್ಲ ಚಪ್ಪಾಳೆ ತಟ್ಟಿದೆವು. ಅದೇ ವರ್ಷ ಸರ್ಕಾರಿ ಕೆಲಸದಲ್ಲಿ ಟ್ರಾನ್ಸ್‌ಜೆಂಡರ್ ಸಮುದಾಯಕ್ಕೆ ಶೇಕಡಾ 1 ಮೀಸಲಾತಿ ಕೊಟ್ಟ ಮೊದಲ ರಾಜ್ಯವೂ ನಮ್ಮದೇ. ಅದೇ ವರ್ಷವೇ ಒಬ್ಬ ಜೋಗತಿ ಅವ್ವ ನಮ್ಮಲ್ಲಿ ಬಾಗಿಲಿಲ್ಲದ ಬಚ್ಚಲಿನ ಮುಂದೆ ಕೂತಿದ್ದರು.

ಇಂಥವರು ಎಷ್ಟು ಜನ ಇರುತ್ತಾರೆ, ಇಷ್ಟಕ್ಕೆಲ್ಲ ನಿಯಮ ಬೇಕಾ ಎಂದೂ ಕೇಳುತ್ತಾರೆ. 2011ರ ಜನಗಣತಿಯಲ್ಲಿ ಗಂಡು, ಹೆಣ್ಣು ಬಿಟ್ಟು ‘ಇತರೆ’ ಎಂದು ಎಣಿಸಲ್ಪಟ್ಟವರು ದೇಶದಲ್ಲಿ ಸುಮಾರು 4.88 ಲಕ್ಷ. ಚಿಕ್ಕ ಟೀಚರ್ ಆ ಲೆಕ್ಕದಲ್ಲಿ ಇಲ್ಲ, ಬ್ಯಾಂಕಿನವರೂ ಇಲ್ಲ. ದಿಂಬಿನೊಳಗೆ ಬಚ್ಚಿಟ್ಟದ್ದನ್ನು ಯಾವ ಗಣತಿದಾರರು ಎಣಿಸುತ್ತಾರೆ?

ಈಗ ನನ್ನ ಬೇಡಿಕೆಗಳು. ಇವಕ್ಕೆ ಸಂಸತ್ತಿಗೆ ಹೋಗಬೇಕಾಗಿಲ್ಲ. 2007ರ ಕಾಯಿದೆಯ 19ನೇ ಸೆಕ್ಷನ್ ಜಿಲ್ಲೆಗೆ ಒಂದಾದರೂ, ಬಡ ಹಿರಿಯರಲ್ಲಿ ಕನಿಷ್ಠ 150 ಜನರಿಗೆ ಜಾಗವಿರುವ ವೃದ್ಧಾಶ್ರಮ ಮಾಡಬಹುದು ಎನ್ನುತ್ತದೆ. ಅವುಗಳನ್ನು ಹೇಗೆ ನಡೆಸಬೇಕು, ಗುಣಮಟ್ಟ ಹೇಗಿರಬೇಕು ಎಂದು ಯೋಜನೆ ರೂಪಿಸುವ ಅಧಿಕಾರವನ್ನೂ ರಾಜ್ಯ ಸರ್ಕಾರಕ್ಕೇ ಕೊಟ್ಟಿದೆ. ಅನುದಾನ ಪಡೆಯುವ ಮನೆಗಳಿಗೆ ಷರತ್ತು ಹಾಕುವುದು ತಮ್ಮ ಇಲಾಖೆಯ ಕೈಯಲ್ಲೇ ಇದೆ.

ಎಲ್ಲಕ್ಕಿಂತ ಮೊದಲು ಆ ಕಾಲಂ ಬದಲಾಯಿಸಿ. ‘ಜವಾಬ್ದಾರರು’ ಯಾರೆಂದು ಸೇರುವ ಹಿರಿಯರೇ ಹೇಳಲಿ. ಸಂಬಂಧ ಏನಾದರೂ ಇರಲಿ, ಸಹಿ ಹಾಕಲು ಅದು ಅಡ್ಡ ಬರಬಾರದು. ಮಾತು ನಿಂತವರು ಕೈಸನ್ನೆಯಲ್ಲಿ ಹೇಳಿದರೂ ಒಬ್ಬ ಸಾಕ್ಷಿಯ ಮುಂದೆ ಅದನ್ನು ದಾಖಲು ಮಾಡುವ ವ್ಯವಸ್ಥೆ ಇರಲಿ. ದೊಡ್ಡ ಟೀಚರ್ ಯಾರ ಕೈ ಹಿಡಿದಿದ್ದಾರೆ ಎಂದು ಅವತ್ತು ನೋಡಿದ್ದರೆ ಸಾಕಿತ್ತು. ಹಾಗೆ ಆರಿಸಿಕೊಂಡವರಿಗೆ ಭೇಟಿ, ಆರೋಗ್ಯದ ಸುದ್ದಿ, ಆಸ್ಪತ್ರೆಗೆ ಸೇರಿಸುವಾಗ ಜೊತೆಗಿರುವುದು, ಕೊನೆಗೆ ದೇಹವನ್ನು ಪಡೆಯುವುದು, ಇಷ್ಟರಲ್ಲೂ ಮೊದಲ ಹಕ್ಕು ಇರಬೇಕು. ಬೇರೆ ಸಂಬಂಧಿಕರು ಫೋನ್ ಮಾಡಿ ಅವರನ್ನು ಗೇಟಿನ ಹೊರಗೆ ನಿಲ್ಲಿಸುವ ಹಾಗೆ ಇರಬಾರದು. ಗುರು ಚೇಲಾ ಸಂಬಂಧವನ್ನೂ ಹೀಗೇ ಒಪ್ಪಬೇಕು.

ಯಾರನ್ನು ಯಾವ ವಾರ್ಡಿನಲ್ಲಿ ಇಡಬೇಕು ಎಂಬುದನ್ನು ಹಳೆಯ ಕಾರ್ಡು ನೋಡಿ ತೀರ್ಮಾನ ಮಾಡಬಾರದು, ಅವರನ್ನೇ ಕೇಳಬೇಕು. ತಾನು ಗಂಡೋ ಹೆಣ್ಣೋ ಮೂರನೆಯದೋ ಎಂದು ಹೇಳುವುದು ಅವರವರ ಹಕ್ಕು ಎಂದು ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ) ಪ್ರಕರಣದ ತೀರ್ಪಿನಲ್ಲಿ ಹೇಳಿದೆ. ಹೆಸರು, ಬಟ್ಟೆ, ಕೂದಲು, ಮುತ್ತು ಅವರವು. ಪ್ರತಿ ಮನೆಯಲ್ಲೂ ಬಾಗಿಲು, ಚಿಲಕ ಇರುವ ಒಂದಾದರೂ ಬಚ್ಚಲು ಇರಲಿ. ಇದು ಎಲ್ಲ ಮುದುಕರಿಗೂ ಬೇಕಾದದ್ದೇ ಅಲ್ವಾ? ಗಂಡ ಹೆಂಡತಿಗೆ ಒಂದು ಕೋಣೆ ಕೊಡುವ ಕಡೆ, ಒಟ್ಟಿಗೆ ಬಾಳಿದ ಇಬ್ಬರು ಹೆಂಗಸರಿಗೆ ಅಥವಾ ಇಬ್ಬರು ಗಂಡಸರಿಗೂ ಕೊಡಲಿ.

ಭೇದಭಾವ ಮಾಡಬಾರದು ಎಂಬ ನಿಯಮದಲ್ಲಿ ಲೈಂಗಿಕ ಒಲವು, ಲಿಂಗತ್ವ ಎಂಬ ಎರಡು ಮಾತನ್ನು ಸ್ಪಷ್ಟವಾಗಿ ಬರೆಯಿರಿ. ‘ಎಲ್ಲರೂ ಸಮಾನರು’ ಎಂದಷ್ಟೇ ಬರೆದರೆ ಬ್ಯಾಂಕಿನವರ ‘ಏನಂತ ಕೊಡ್ಲಿ?’ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ದೂರು ಕೇಳುವವರು ಸಂಸ್ಥೆಯ ಹೊರಗಿನವರಾಗಿರಲಿ. ಅವರ ನಂಬರನ್ನು ಮ್ಯಾನೇಜರ್ ಕೋಣೆಯಲ್ಲಿ ಹಾಕಬೇಡಿ, ಊಟದ ಮನೆಯ ಗೋಡೆಗೆ ದೊಡ್ಡ ಅಕ್ಷರದಲ್ಲಿ ಹಾಕಿಸಿ. ಹಿರಿಯರ ಸಹಾಯವಾಣಿ 14567ರಲ್ಲಿ ಫೋನ್ ತೆಗೆಯುವವರಿಗೂ ಈ ವಿಷಯ ತಿಳಿದಿರಲಿ.

ಒಂದು ಎಚ್ಚರಿಕೆಯ ಮಾತು. ದಯವಿಟ್ಟು ಇವರ ಹೆಸರಿನಲ್ಲಿ ಇನ್ನೊಂದು ಪಟ್ಟಿ ಮಾಡಬೇಡಿ. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯಿದೆಯಲ್ಲಿ ಹಿಜ್ರಾಗಳ ಹೆಸರು ಬರೆದಿಡುವ ರಿಜಿಸ್ಟರ್ ಇತ್ತು. 2011ರಲ್ಲಿ ನಮ್ಮ ಕರ್ನಾಟಕ ಪೊಲೀಸ್ ಕಾಯಿದೆಗೇ 36ಎ ಎಂಬ ಸೆಕ್ಷನ್ ಸೇರಿಸಿ ಅಂಥದ್ದೇ ರಿಜಿಸ್ಟರಿಗೆ ಅವಕಾಶ ಮಾಡಿದ್ದರು, ಆಮೇಲೆ ವಿರೋಧ ಬಂದು ಬದಲಾಯಿಸಿದರು. ಜೋಗತಿ ಅವ್ವ ನಮ್ಮ ಪುಸ್ತಕದಲ್ಲಿ ಹೆಸರು ಬರೆಸಲು ಎಷ್ಟು ಹೆದರಿದರು ಅಂತ ನಾನು ಕಣ್ಣಾರೆ ಕಂಡಿದ್ದೇನೆ. ಯಾರು ಏನು ಹೇಳಿಕೊಂಡರೂ ಅದು ಗುಟ್ಟಾಗಿ ಉಳಿಯಬೇಕು. ಹೇಳದೇ ಇರುವವರಿಗೂ ರಕ್ಷಣೆ ಅಷ್ಟೇ ಇರಬೇಕು.

ತರಬೇತಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಆಯಾಗಳಿಂದ ಶುರು ಮಾಡಿ. ನಾಲ್ಕನೇ ದಿನ ರಾತ್ರಿ ಬಾಗಿಲಿಲ್ಲದ ಆ ಬಚ್ಚಲಿನ ಮುಂದೆ ತನ್ನ ಹಳೆಯ ಸೀರೆ ಕಟ್ಟಿ, ‘ಬಾ ಅವ್ವಾ, ನಾನು ಹೊರಗೆ ನಿಂತಿರ್ತೀನಿ’ ಅಂತ ಜೋಗತಿ ಅವ್ವನನ್ನು ಕರೆದವಳು ಅದೇ ಆಯಾ, ಟೀಚರ್ ಕುರ್ಚಿಯನ್ನು ಜಗುಲಿಗೆ ತರುತ್ತಿದ್ದವಳು. ಅವ್ವ ಅಷ್ಟರಲ್ಲಿ ಹೊರಡುವ ಮನಸ್ಸು ಮಾಡಿಬಿಟ್ಟಿದ್ದರು.

ಚಿಕ್ಕ ಟೀಚರ್ ಈಗಲೂ ಇದ್ದಾರೆ. ದೊಡ್ಡ ಟೀಚರ್ ಹೋದ ಮೇಲೆ ಆ ಮನೆ ಬಿಡಬೇಕಾಯಿತು, ಒಂದು ಸಣ್ಣ ಬಾಡಿಗೆ ಕೋಣೆಯಲ್ಲಿದ್ದಾರೆ. ತಿಂಗಳಿಗೊಮ್ಮೆ ಹೋಗಿ ನೋಡುತ್ತೇನೆ. ಕಣ್ಣು ಮಂಜಾಗಿದೆ, ಒಬ್ಬರೇ ಇರುವುದು ಇನ್ನು ಕಷ್ಟ. ಹೋದ ತಿಂಗಳು ಬೇರೊಂದು ವೃದ್ಧಾಶ್ರಮದಿಂದ ಅರ್ಜಿ ತಂದುಕೊಟ್ಟೆ. ಎರಡನೇ ಪುಟದಲ್ಲಿ ಅದೇ ಸಾಲಿದೆ, ಅದೇ ಕಾಲಂ ಇದೆ. ಓದಿ ಹೇಳಿದಾಗ, ‘ನನ್ನ ಕಡೆ ಯಾರೂ ಇಲ್ವಲ್ಲಮ್ಮ, ಏನು ಬರೀತೀಯ?’ ಎಂದು ಕೇಳಿದರು. ಜವಾಬ್ದಾರಳು ಅಂತ ನನ್ನ ಹೆಸರು ಬರೆದಿದ್ದೇನೆ. ಸಂಬಂಧದ ಕಾಲಂ ಖಾಲಿ ಬಿಟ್ಟಿದ್ದೇನೆ. ಮುಂದಿನ ತಿಂಗಳ ಮೊದಲ ವಾರ ಅದನ್ನು ಕೊಡಲು ಹೋಗುತ್ತೇವೆ. ಆ ಸಹಿಯನ್ನು ಅವರು ತೆಗೆದುಕೊಳ್ಳುವ ಹಾಗೆ ಒಂದು ಸುತ್ತೋಲೆ ಹೊರಡಿಸಿಕೊಡಿ ಎಂದು ತಮ್ಮಲ್ಲಿ ಕೈಮುಗಿದು ಕೇಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ವೃದ್ಧಾಶ್ರಮವೊಂದರ ಮಾಜಿ ಕಚೇರಿ ಸಹಾಯಕಿ